ಅಪ್ಪನ ಕಪ್ಪು-ಬಿಳುಪು ಫೋಟೋ ಯಾಕೆ ಹಸಿರಾಗಬೇಕು?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಹಳೇ ಸ್ಟುಡಿಯೋಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಒಂದು ಮಾತು ಬಂತು, ಡಾರ್ಕ್‌ರೂಮ್ (ಫೋಟೋ ತೊಳೆಯುವ ಕತ್ತಲೆ ಕೋಣೆ) ಮುಚ್ಚಿದ ಮೇಲೆ ಒಳ್ಳೆಯ ಕಪ್ಪು-ಬಿಳುಪು ಪ್ರಿಂಟೂ ಮುಗಿದುಹೋಯಿತು ಅಂತ. ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಎರಡು ದಿನ ತಲೆಯಲ್ಲಿ ಅದೇ ಓಡುತ್ತಿತ್ತು, ಅದಕ್ಕೇ ಬರೆಯಲು ಕೂತೆ. ಪತ್ರ ಉದ್ದವಾಗಿದೆ. ಕತ್ತರಿಸಲೇಬೇಕು ಅಂದರೆ ನನ್ನ ಮನೆಯ ಕತೆ ಕತ್ತರಿಸಿ. ಇಂಕ್ ಬೆರೆಸುವ ಭಾಗ ಮಾತ್ರ ದಯವಿಟ್ಟು ಉಳಿಸಿ, ಕನ್ನಡದಲ್ಲಿ ಅದನ್ನು ಯಾರೂ ಬರೆದದ್ದು ನಾನು ನೋಡಿಲ್ಲ.

ನಮ್ಮಪ್ಪ ಧಾರವಾಡದಲ್ಲಿ ಇಪ್ಪತ್ತೆಂಟು ವರ್ಷ ಸ್ಟುಡಿಯೋ ನಡೆಸಿದರು. ಸಣ್ಣ ಸ್ಟುಡಿಯೋ. ಹಿಂದಿನ ಕೋಣೆಯೇ ಡಾರ್ಕ್‌ರೂಮು. ಕೆಂಪು ಬಲ್ಬು, ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ, ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನಿಂದ ಬರುತ್ತಿದ್ದ ‘ಇಂದು’ ಕಾಗದದ ಪೊಟ್ಟಣಗಳು. ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಬೆರಳು ಆಡಿಸಿ ಮುಖಕ್ಕೆ ಬೆಳಕು ಕಡಿಮೆ ಮಾಡುವುದು, ಪಂಚೆಯ ಮಡಿಕೆ ಕಾಣಲಿ ಅಂತ ಅಷ್ಟು ಜಾಗಕ್ಕೆ ಮಾತ್ರ ಇನ್ನೂ ನಾಲ್ಕು ಸೆಕೆಂಡ್ ಬೆಳಕು ಕೊಡುವುದು, ಇದೆಲ್ಲ ನೋಡುತ್ತಲೇ ನಾನು ಬೆಳೆದೆ. ಊರಿನ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿರುವ ಅಜ್ಜ-ಅಜ್ಜಿಯರ ಫೋಟೋ ಅವರ ಕೈಯಲ್ಲಿ ತಯಾರಾದದ್ದು.

ಅಪ್ಪ ತೀರಿಕೊಂಡಾಗ ಅವರದೇ ಒಂದು ನೆಗೆಟಿವ್ ಸ್ಕ್ಯಾನ್ ಮಾಡಿಸಿ ಒಂದು ಲ್ಯಾಬಿಗೆ ಕೊಟ್ಟೆವು. ದೊಡ್ಡದು ಮಾಡಿ, ಫ್ರೇಮ್ ಹಾಕಿ ಕೊಟ್ಟರು. ಅಂಗಡಿಯಲ್ಲಿ ಸರಿಯಾಗಿಯೇ ಇತ್ತು. ಮನೆಗೆ ತಂದು ಟ್ಯೂಬ್‌ಲೈಟ್ ಕೆಳಗೆ ಗೋಡೆಗೆ ಹಾಕಿದರೆ ಅಪ್ಪನ ಮುಖ ಹಸಿರು. ಬಿಳಿ ಅಂಗಿ ಪಾಚಿ ಹಿಡಿದ ಹಾಗೆ. ಅಮ್ಮ ಏನೂ ಅನ್ನಲಿಲ್ಲ, ಬರೀ ನೋಡಿದರು. ಕಪ್ಪು-ಬಿಳುಪು ಪ್ರಿಂಟನ್ನೇ ಜೀವನ ಪೂರ್ತಿ ಮಾಡಿದ ಮನುಷ್ಯನ ಫೋಟೋ ಅದು. ಹದಿಮೂರು ದಿನ ಅದರ ಮುಂದೆಯೇ ದೀಪ ಹಚ್ಚಿದೆವು, ಬೇರೆ ಇರಲಿಲ್ಲ.

ಆಮೇಲೆ ಇದು ಯಾಕೆ ಹೀಗಾಗುತ್ತದೆ ಅಂತ ಹುಡುಕಿದೆ. ಕಾರಣ ಸುಲಭ. ಲ್ಯಾಬಿನ ಮಷೀನು ಬಳಸುವುದು ಕಲರ್ ಕಾಗದ. ಅದರಲ್ಲಿ ಕಪ್ಪು ಅನ್ನುವುದೇ ಇಲ್ಲ. ಸಯಾನ್ (ಆಕಾಶ ನೀಲಿಯ ಥರ), ಮಜೆಂಟಾ (ಕಡು ಗುಲಾಬಿಯ ಥರ), ಹಳದಿ, ಈ ಮೂರೂ ಸರಿಯಾದ ಅಳತೆಯಲ್ಲಿ ಸೇರಿದಾಗ ನಮ್ಮ ಕಣ್ಣಿಗೆ ಬೂದು ಕಾಣುತ್ತದೆ. ರಾಸಾಯನಿಕ ಒಂಚೂರು ಹಳತಾದರೆ ಅಳತೆ ತಪ್ಪುತ್ತದೆ. ಹೂವಿನ ಫೋಟೋದಲ್ಲಿ, ಮದುವೆ ಫೋಟೋದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಬರೀ ಬೂದು ಇರುವ ಚಿತ್ರದಲ್ಲಿ ತಕ್ಷಣ ಗೊತ್ತಾಗುತ್ತದೆ, ಒಂದು ಸಲ ಹಸಿರು, ಇನ್ನೊಂದು ಸಲ ಗುಲಾಬಿ. ಸಾಮಾನ್ಯ ಕಲರ್ ಇಂಕ್‌ಜೆಟ್‌ನಲ್ಲೂ ಇದೇ ಕತೆ. ಬಣ್ಣ ಬೆರೆಸಿ ಮಾಡಿದ ಬೂದು ಬಿಸಿಲಿನಲ್ಲಿ ಒಂದು ಥರ, ಟ್ಯೂಬ್‌ಲೈಟಿನಲ್ಲಿ ಒಂದು ಥರ, ಎಲ್‌ಇಡಿ ಬಲ್ಬಿನಲ್ಲಿ ಮತ್ತೊಂದು ಥರ ಕಾಣುತ್ತದೆ. ವರ್ಷ ಕಳೆದ ಹಾಗೆ ಇನ್ನೂ ಕೆಡುತ್ತದೆ, ಯಾಕೆಂದರೆ ಮೂರೂ ಬಣ್ಣ ಒಂದೇ ವೇಗದಲ್ಲಿ ಮಾಸುವುದಿಲ್ಲ. ಯಾವುದೋ ಒಂದು ಮೊದಲು ಹೋಗುತ್ತದೆ, ಉಳಿದ ಎರಡರ ಬಣ್ಣ ಮುಖದ ಮೇಲೆ ಉಳಿಯುತ್ತದೆ.

ಹಾಗಾದರೆ ಬಣ್ಣದ ಇಂಕ್ ಬಿಟ್ಟು ಬರೀ ಕಪ್ಪು ಇಂಕ್‌ನಲ್ಲೇ ಪ್ರಿಂಟ್ ತೆಗೆದರೆ? ತೆಗೆಯಬಹುದು. ಹಸಿರೂ ಇಲ್ಲ, ಗುಲಾಬಿಯೂ ಇಲ್ಲ. ಆದರೆ ಇಂಕ್‌ಜೆಟ್ ಪ್ರಿಂಟರ್ ಚುಕ್ಕಿ ಇಡುವ ಯಂತ್ರ. ತಿಳಿ ಬೂದು ಬೇಕು ಅಂದರೆ ಕಪ್ಪು ಚುಕ್ಕಿಗಳನ್ನು ದೂರ ದೂರ ಇಡಬೇಕು. ಕೆನ್ನೆಯ ಮೇಲೆ, ಬಿಳಿ ಸೀರೆಯ ಮೇಲೆ, ಆಕಾಶದಲ್ಲಿ, ಅಲ್ಲೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಕೆಲವರಿಗೆ ಅದೂ ಇಷ್ಟ, ಫಿಲ್ಮಿನ ಗ್ರೇನ್ (ಕಾಳುಕಾಳು) ಥರ ಇದೆ ಅನ್ನುತ್ತಾರೆ. ರಸ್ತೆಯ ಚಿತ್ರಕ್ಕೆ ನಡೆಯುತ್ತದೆ. ಅಮ್ಮನ ಮುಖಕ್ಕೆ ನನಗೆ ಅದು ಬೇಡ.

ಇಲ್ಲೇ ಗ್ರೇ ಇಂಕ್ ಬರುವುದು. ಕಪ್ಪು ಇಂಕನ್ನೇ ತೆಳು ಮಾಡಿ, ಇನ್ನೂ ತೆಳು ಮಾಡಿ, ಮತ್ತೂ ತೆಳು ಮಾಡಿ, ಬೇರೆ ಬೇರೆ ಕಾರ್ಟ್ರಿಜ್‌ಗಳಲ್ಲಿ ತುಂಬುವುದು. ಬಣ್ಣ ಇದ್ದ ಜಾಗದಲ್ಲೆಲ್ಲ ಬೂದು. ಆಗ ಕೆನ್ನೆಯ ಮೇಲಿನ ತಿಳಿ ಛಾಯೆಗೆ ಅತಿ ತೆಳುವಾದ ಇಂಕು ಒತ್ತೊತ್ತಾಗಿ ಬೀಳುತ್ತದೆ, ಚುಕ್ಕಿಯೇ ಕಾಣುವುದಿಲ್ಲ. ಛಾಯೆ ಗಾಢವಾದ ಹಾಗೆ ಅದರ ಮೇಲೆ ಮುಂದಿನ ಇಂಕು ನಿಧಾನ ಸೇರಿಕೊಳ್ಳುತ್ತದೆ. ಕೂದಲಿನ ನೆರಳಿಗೆ ಬಂದಾಗ ಮಾತ್ರ ಅಚ್ಚ ಕಪ್ಪು. ಬೂದು ಕಪ್ಪಿನಿಂದಲೇ ಬರಬೇಕು. ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದಲ್ಲಿ 1991ರ ಹೊತ್ತಿಗೇ ಹಾಡುಗಾರ ಗ್ರಹಾಮ್ ನ್ಯಾಶ್ ಮತ್ತು ಅವರ ಜೊತೆಗಾರರು ಐರಿಸ್ ಅನ್ನುವ ದೊಡ್ಡ ಯಂತ್ರದಲ್ಲಿ ಫೋಟೋ ಪ್ರಿಂಟ್ ಮಾಡುವ ಸ್ಟುಡಿಯೋ ತೆರೆದರು. ಆ ಯಂತ್ರ ಮಾಡಿದ್ದು ಅಚ್ಚಿನ ಮನೆಗಳ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ನಮೂನೆ, ತೆಗೆಯಲು. ವರ್ಮಾಂಟ್‌ನ ಜಾನ್ ಕೋನ್ ಎಪ್ಸನ್ ಪ್ರಿಂಟರುಗಳಲ್ಲಿ ತುಂಬಲೆಂದೇ ಹಲವು ಛಾಯೆಯ ಬೂದು ಇಂಕ್ ಮಾಡಿ ‘ಪಿಯೆಜೋಗ್ರಫಿ’ ಅಂತ ಹೆಸರಿಟ್ಟರು. ರಾಯ್ ಹ್ಯಾರಿಂಗ್ಟನ್ ‘ಕ್ವಾಡ್‌ಟೋನ್ ರಿಪ್’ ಅನ್ನುವ ಸಾಫ್ಟ್‌ವೇರ್ ಬರೆದರು. ಅದು ಯಾವ ನಾಝಲ್‌ನಿಂದ (ಇಂಕ್ ಚಿಮ್ಮುವ ಸಣ್ಣ ತೂತು) ಎಷ್ಟು ಇಂಕ್ ಬೀಳಬೇಕು ಅನ್ನುವುದನ್ನು ನಮ್ಮ ಕೈಗೆ ಕೊಡುತ್ತದೆ. ನನಗೆ ಇವರೆಲ್ಲರಿಗಿಂತ ಜಾಸ್ತಿ ಗೌರವ ಇರುವುದು ಪಾಲ್ ರೋರ್ಕ್ ಅನ್ನುವ ಫೋಟೋಗ್ರಾಫರ್ ಬಗ್ಗೆ. ಕಾರ್ಬನ್ ಕಪ್ಪನ್ನು ಹೇಗೆ ತೆಳು ಮಾಡಬೇಕು, ತೆಳು ಮಾಡುವ ದ್ರವದಲ್ಲಿ ಏನೇನು ಹಾಕಬೇಕು ಅನ್ನುವುದನ್ನೆಲ್ಲ ಅವರು ಬಚ್ಚಿಡದೆ ಬರೆದು ಹಂಚಿದರು. ಕೈಯ ಕೆಲಸದ ಗುಟ್ಟನ್ನು ಹೀಗೆ ಹಂಚುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ದೊಡ್ಡ ಕಂಪನಿಗಳೂ ಇದನ್ನು ಅರ್ಥ ಮಾಡಿಕೊಂಡವು. 2005ರಲ್ಲಿ ಬಂದ ಎಪ್ಸನ್ ಆರ್2400ರಲ್ಲಿ ಕಪ್ಪು, ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಅಂತ ಮೂರು ಹಂತ ಇತ್ತು, ಕಪ್ಪು-ಬಿಳುಪಿಗೇ ಅಂತ ಬೇರೆ ಮೋಡ್ ಕೂಡ ಇತ್ತು. ಆಮೇಲೆ ಬಂದ ಎಪ್ಸನ್ ಪಿ700, ಪಿ900, ಕ್ಯಾನನ್ ಪ್ರೊ-1000 ಇವುಗಳಲ್ಲಿಯೂ ಗ್ರೇ ಇಂಕ್ ಕಂಪನಿಯಿಂದಲೇ ಬರುತ್ತದೆ. ದುಡ್ಡಿದ್ದವರು ಅದನ್ನೇ ತಗೊಳ್ಳಿ, ನಾನು ಮುಂದೆ ಹೇಳುವ ಯಾವ ಗೋಳೂ ಬೇಡ. ಇಂಕ್ ಟ್ಯಾಂಕ್ ಬೇಕು ಅನ್ನುವವರಿಗೆ ಎಲ್8160, ಎಲ್8180ರಲ್ಲಿ ಒಂದು ಗ್ರೇ ಇದೆ. ಪರವಾಗಿಲ್ಲ, ಆದರೆ ಆ ಗ್ರೇ ಡೈ ಇಂಕು, ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಗೋಡೆಯ ಮೇಲೆ ಐವತ್ತು ವರ್ಷ ಇರಬೇಕಾದ ಫೋಟೋಗೆ ನಾನು ಡೈ ನಂಬುವುದಿಲ್ಲ.

ನನ್ನ ಹತ್ತಿರ ಇರುವುದು ಎಪ್ಸನ್ 1400 ಸಾಲಿನ ಸೆಕೆಂಡ್ ಹ್ಯಾಂಡ್ ಪ್ರಿಂಟರು. ಆರು ಕಾರ್ಟ್ರಿಜ್, ಎ3ಗಿಂತ ಸ್ವಲ್ಪ ದೊಡ್ಡ ಕಾಗದ ಹಿಡಿಯುತ್ತದೆ. ಪ್ರಿಂಟರ್ ಕೊಳ್ಳುವ ಮೊದಲು ಕ್ವಾಡ್‌ಟೋನ್ ರಿಪ್‌ನ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರಿಂಟರ್ ತಂದೂ ಉಪಯೋಗ ಇಲ್ಲ.

ಇನ್ನು ಇಂಕ್. ಬೇಕಾದದ್ದು ಕಾರ್ಬನ್ ಪಿಗ್ಮೆಂಟ್ (ನೀರಿನಲ್ಲಿ ಕರಗದ ನುಣ್ಣನೆಯ ಪುಡಿ) ಇರುವ ಮ್ಯಾಟ್ ಬ್ಲ್ಯಾಕ್, ಅಂದರೆ ಹೊಳಪಿಲ್ಲದ ಕಾಗದಕ್ಕೆ ಅಂತ ಮಾಡಿದ ಕಪ್ಪು. ಕಾರ್ಬನ್ ಅಂದರೆ ಮಸಿ, ನಮಗೆ ಹೊಸದೇನಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ (ಚೂಪಾದ ಕಡ್ಡಿ) ಕೊರೆದು ಆಮೇಲೆ ದೀಪದ ಮಸಿ ಸವರುತ್ತಿದ್ದರು, ಅಕ್ಷರ ಕಾಣುತ್ತಿದ್ದದ್ದು ಆ ಮಸಿಯಿಂದ. ಕಡತ ನೋಡಿದ್ದೀರಲ್ಲ, ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಮಡಿಸಿದ ಪುಸ್ತಕ, ಅದರ ಕಪ್ಪೂ ಕಾರ್ಬನ್ನೇ. ನೂರಾರು ವರ್ಷ ಆದರೂ ಆ ಕಪ್ಪು ಹಾಗೇ ಇದೆ. ಬೆಳಕಿಗೆ ಮಾಸದ ವಸ್ತು ಅದು. ಗೋಡೆಯ ಫೋಟೋಗೆ ಇದಕ್ಕಿಂತ ಒಳ್ಳೆಯದು ಏನು ಬೇಕು?

ಆದರೆ ಅಂಗಡಿಯಲ್ಲಿ ಹುಷಾರಾಗಿರಬೇಕು. ನನಗೆ ಒಂದು ಕಡೆ ಪಿಗ್ಮೆಂಟ್ ಅಂತ ಕೊಟ್ಟ ಬಾಟಲಿಯಲ್ಲಿ ಇದ್ದದ್ದು ಡೈ. ಎರಡು ತಿಂಗಳ ಕೆಲಸ ಹಾಳಾಯಿತು. ಈಗ ಯಾವ ಬಾಟಲಿ ತಂದರೂ ಮೊದಲು ಒಂದು ಹನಿ ಕಾಗದದ ಮೇಲೆ ಹಾಕಿ, ರಾತ್ರಿಯೆಲ್ಲ ಒಣಗಿಸಿ, ಬೆಳಿಗ್ಗೆ ಅದರ ಮೇಲೆ ನೀರು ಬಿಡುತ್ತೇನೆ. ಡೈ ಆದರೆ ನೀಲಿ, ನೇರಳೆ ಅಂತ ಹರಡುತ್ತದೆ. ಪಿಗ್ಮೆಂಟ್ ಕೂತ ಜಾಗ ಬಿಟ್ಟು ಏಳುವುದಿಲ್ಲ. ಆಮೇಲೆ ಸ್ವಲ್ಪ ತೆಗೆದು ತುಂಬ ತೆಳು ಮಾಡಿ ಬಿಳಿ ಕಾಗದದ ಮೇಲೆ ಬಳಿದು ನೋಡುತ್ತೇನೆ. ಬರೀ ಕಾರ್ಬನ್ ಆಗಿದ್ದರೆ ತೆಳುವಾದಾಗ ಕಂದು ಕಡೆಗೆ ತಿರುಗುತ್ತದೆ, ಚಹಾದ ಕಲೆಯ ಹಾಗೆ. ನೀಲಿ ಕಡೆಗೆ ಹೋದರೆ ಅದರಲ್ಲಿ ಬೇರೆ ಬಣ್ಣ ಸೇರಿಸಿದ್ದಾರೆ ಅಂತ ಅರ್ಥ.

ತೆಳು ಮಾಡಲು ಸುಮ್ನೆ ನೀರು ಹಾಕಿದರೆ ಆಗುವುದಿಲ್ಲ. ನೀರು ಬೇಗ ಒಣಗುತ್ತದೆ, ಪ್ರಿಂಟರಿನ ಹೆಡ್ಡಿನ (ಇಂಕ್ ಚಿಮ್ಮುವ ಭಾಗ) ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ, ಕಾಗದದ ಮೇಲೆ ಮಣಿಮಣಿಯಾಗಿ ನಿಲ್ಲುತ್ತದೆ. ಹೆಡ್ಡು ಒಂದು ನಿರ್ದಿಷ್ಟ ಮಂದದ ದ್ರವಕ್ಕೆ ಅಂತಲೇ ಮಾಡಿದ್ದು. ಅದಕ್ಕೇ ‘ಕ್ಲಿಯರ್ ಬೇಸ್’ ಬೇಕು. ಡಿಸ್ಟಿಲ್ಡ್ ವಾಟರ್, ಗ್ಲಿಸರಿನ್, ಜೊತೆಗೆ ನೀರನ್ನು ಕಾಗದಕ್ಕೆ ಹತ್ತಿಸುವ ಒಂದು ವೆಟಿಂಗ್ ಏಜೆಂಟ್. ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಒಣಗಿಸುವಾಗ ನೀರಿನ ಕಲೆ ಬೀಳದಿರಲಿ ಅಂತ ಅಪ್ಪ ಕೊನೆಯ ನೀರಿಗೆ ಎರಡು ಹನಿ ಹಾಕುತ್ತಿದ್ದರಲ್ಲ, ಅದೇ ಜಾತಿಯದು. ನಾನು ಮೊದಲು ತಯಾರು ಬೇಸ್ ತರಿಸಿಕೊಂಡೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ. ಕೈ ಕುದುರಿದ ಮೇಲೆ ಸ್ವಂತ ಬೇಸ್ ಮಾಡಿಕೊಳ್ಳಬಹುದು.

ನನ್ನ ಅಳತೆ ಹೀಗಿದೆ. ಕಪ್ಪಿನ ಜಾಗದಲ್ಲಿ ಅಚ್ಚ ಕಪ್ಪು. ಮಜೆಂಟಾ ಜಾಗದಲ್ಲಿ 36%, ಅಂದರೆ 36 ಮಿ.ಲೀ. ಕಪ್ಪಿಗೆ 64 ಮಿ.ಲೀ. ಬೇಸ್. ಸಯಾನ್ ಜಾಗದಲ್ಲಿ 18%. ತಿಳಿ ಮಜೆಂಟಾ ಜಾಗದಲ್ಲಿ 9%. ತಿಳಿ ಸಯಾನ್ ಜಾಗದಲ್ಲಿ 4%. ಮೊದಲ ಹೆಜ್ಜೆ ಸ್ವಲ್ಪ ದೊಡ್ಡದು, ಆಮೇಲೆ ಪ್ರತಿಯೊಂದೂ ಹಿಂದಿನದರ ಸುಮಾರು ಅರ್ಧ. ಕಡೆಯ ಹಳದಿ ಜಾಗದಲ್ಲಿ ತೆಳುವಾದ ನೀಲಿ ಪಿಗ್ಮೆಂಟ್ ಇಟ್ಟಿದ್ದೇನೆ. ಕಾರ್ಬನ್ ಕಂದು ಕಡೆ ವಾಲುತ್ತದೆ ಅಂದೆನಲ್ಲ, ಅದನ್ನು ಎಳೆದು ನಡುವೆ ತರಲು. ಹಳೇ ಮನೆತನದ ಫೋಟೋಗಳಿಗೆ ನಾನು ನೀಲಿ ಹಾಕುವುದೇ ಇಲ್ಲ, ಆ ಕಂದು ಛಾಯೆಯೇ ಚೆಂದ. ಮಳೆಯ ಚಿತ್ರ, ಕಲ್ಲಿನ ಚಿತ್ರಕ್ಕೆ ಸ್ವಲ್ಪ ಬೇಕು.

ಅಳೆಯಲು ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜ್ ಸಾಕು. ಪ್ರತಿ ಇಂಕ್‌ಗೂ ಬೇರೆ ಸಿರಿಂಜ್, ಬಾಟಲಿಯ ಮೇಲೆ ಅಳತೆ ಮತ್ತು ತಾರೀಕು. ಪಿಗ್ಮೆಂಟ್ ತಳಕ್ಕೆ ಕೂರುತ್ತದೆ, ಅದಕ್ಕೆ ತುಂಬುವ ಮೊದಲು ಬಾಟಲಿಯನ್ನು ನಿಧಾನವಾಗಿ ಮೇಲೆ ಕೆಳಗೆ ತಿರುಗಿಸಬೇಕು. ಮಜ್ಜಿಗೆ ಕಡೆದ ಹಾಗೆ ಕುಲುಕಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಹೆಡ್ಡಿಗೆ ಹೋದರೆ ಗೆರೆ ಬೀಳುತ್ತದೆ. ಒಂದು ಸಲ ಒಂದು ತಿಂಗಳು ಪ್ರಿಂಟರ್ ಮುಟ್ಟಿರಲಿಲ್ಲ. ತೆಗೆದ ಮೊದಲ ಪ್ರಿಂಟಿನಲ್ಲಿ ಮುಖದ ಛಾಯೆಯೆಲ್ಲ ಮಾಯ, ಸುಣ್ಣ ಬಳಿದ ಹಾಗೆ. 9% ಇಂಕಿನ ಕಾರ್ಟ್ರಿಜ್‌ನಲ್ಲಿ ಪಿಗ್ಮೆಂಟ್ ಪೂರ್ತಿ ತಳ ಸೇರಿತ್ತು.

ಹಳೇ ಇಂಕ್ ಇದ್ದ ಪ್ರಿಂಟರಿಗೆ ನೇರ ಇದನ್ನು ತುಂಬಬೇಡಿ. ಮೊದಲು ಆರೂ ಕಾರ್ಟ್ರಿಜ್‌ಗೆ ಬರೀ ಬೇಸ್ ತುಂಬಿ, ನಾಝಲ್ ಚೆಕ್ ಪುಟದಲ್ಲಿ ಏನೂ ಕಾಣದಷ್ಟು ಸ್ವಚ್ಛ ಆಗುವ ತನಕ ಓಡಿಸಬೇಕು. ಹಳದಿ ಜಾಗ ತುಂಬ ಹೊತ್ತು ಹಿಡಿಯುತ್ತದೆ, ಕಣ್ಣಿಗೆ ಕಾಣದೆ ಉಳಿದುಕೊಳ್ಳುತ್ತದೆ. ಇನ್ನೊಂದು ಮಾತು, ಗ್ರೇ ತುಂಬಿದ ಮೇಲೆ ಆ ಪ್ರಿಂಟರಿಗೆ ಎಪ್ಸನ್ ಡ್ರೈವರ್‌ನಿಂದ (ಕಂಪನಿಯ ಮಾಮೂಲಿ ಪ್ರಿಂಟಿಂಗ್ ಸಾಫ್ಟ್‌ವೇರ್) ಏನನ್ನೂ ಕಳಿಸಬೇಡಿ. ಅದಕ್ಕೆ ಹಳದಿ ಜಾಗದಲ್ಲಿ ಹಳದಿಯೇ ಇದೆ ಅಂತ ಲೆಕ್ಕ. ಬರುವುದು ಕಸ.

ಈಗ ಹೊಂದಿಸುವ ಕೆಲಸ. ಎಲ್ಲರೂ ಕೈಬಿಡುವುದು ಇಲ್ಲೇ. ಇಂಕ್ ತುಂಬಿದ ತಕ್ಷಣ ಒಳ್ಳೆಯ ಪ್ರಿಂಟ್ ಬರುವುದಿಲ್ಲ. ಯಾವ ಇಂಕು ಎಷ್ಟು ಗಾಢ ಅನ್ನುವುದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ನಾವು ಹೇಳಬೇಕು. ಕ್ವಾಡ್‌ಟೋನ್ ರಿಪ್‌ನಲ್ಲಿ ಕ್ಯಾಲಿಬ್ರೇಷನ್ ಪುಟ ಅಂತ ಇದೆ. ಪ್ರತಿ ಇಂಕನ್ನೂ 5%, 10%, 15% ಅಂತ 100%ರ ತನಕ ಸಾಲಾಗಿ ಚೌಕಗಳಲ್ಲಿ ಹಾಕುತ್ತದೆ. ಮೊದಲು ಕಪ್ಪಿನ ಸಾಲು ನೋಡಿ. ಒಂದು ಹಂತದ ನಂತರ ಇಂಕ್ ಜಾಸ್ತಿ ಬಿದ್ದರೂ ಕಪ್ಪು ಇನ್ನು ಗಾಢವಾಗುವುದಿಲ್ಲ, ಕಾಗದ ಮಾತ್ರ ಒದ್ದೆಯಾಗಿ ಉಬ್ಬುತ್ತದೆ, ಚೌಕದ ಅಂಚು ಹರಡುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ನಿಲ್ಲಬೇಕು. ಅದೇ ಇಂಕ್ ಲಿಮಿಟ್. ನನ್ನ ಹತ್ತಿ ಕಾಗದಕ್ಕೆ 60ರ ಹತ್ತಿರ ನಿಲ್ಲುತ್ತದೆ, ನಿಮ್ಮ ಕಾಗದಕ್ಕೆ ಬೇರೆ ಇರುತ್ತದೆ.

ಆಮೇಲೆ ಗ್ರೇ ಇಂಕ್‌ಗಳ ಸಾಲು. ಒಂದೊಂದು ಗ್ರೇಯ ಅತಿ ಗಾಢ ಚೌಕ ಕಪ್ಪಿನ ಸಾಲಿನ ಎಷ್ಟನೇ ಚೌಕಕ್ಕೆ ಸಮ ಅಂತ ಹುಡುಕಿ ಆ ಸಂಖ್ಯೆ ಬರೆದುಕೊಳ್ಳಬೇಕು. ಅಂಗಡಿಯವರು ತಕ್ಕಡಿಯಲ್ಲಿ ತೂಕ ಹೊಂದಿಸುವ ಥರದ್ದೇ ಕೆಲಸ. ಈ ಸಂಖ್ಯೆಗಳನ್ನು ಕೊಟ್ಟರೆ ಯಾವ ಇಂಕ್ ಎಲ್ಲಿ ಶುರುವಾಗಬೇಕು, ಎಲ್ಲಿ ಮುಂದಿನದಕ್ಕೆ ಜಾಗ ಬಿಡಬೇಕು ಅನ್ನುವ ಲೆಕ್ಕದ ಗೆರೆ, ಅಂದರೆ ಕರ್ವ್, ತಯಾರಾಗುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರಬೇಕು. ಎರಡೂ ಒಂದರ ಮೇಲೊಂದು ಸರಿಯಾಗಿ ಹಾಯದಿದ್ದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ.

ಕೊನೆಗೆ 21 ಮೆಟ್ಟಿಲಿನ ಬೂದು ಪಟ್ಟಿ ಪ್ರಿಂಟ್ ಮಾಡಿ, ಒಂದು ದಿನ ಒಣಗಲು ಬಿಟ್ಟು, ಅಳೆಯಬೇಕು. ನನ್ನ ಕಾಗದದ ಬಿಳಿ ಸುಮಾರು 96, ಅಚ್ಚ ಕಪ್ಪು ಸುಮಾರು 17 ಬರುತ್ತದೆ. ಸೊನ್ನೆ ಅಂದರೆ ಪೂರ್ತಿ ಕತ್ತಲು, ನೂರು ಅಂದರೆ ಪೂರ್ತಿ ಬಿಳಿ, ಆ ಲೆಕ್ಕ. ಹಾಗಾದರೆ ಒಂದೊಂದು ಮೆಟ್ಟಿಲಿಗೂ 4ರ ಹತ್ತಿರ ಇಳಿಯಬೇಕು. ಮೊದಲ ಸಲ ಖಂಡಿತ ಹಾಗೆ ಬರುವುದಿಲ್ಲ. ಒಂದು ಕಡೆ 7 ಇಳಿದಿರುತ್ತದೆ, ಇನ್ನೊಂದು ಕಡೆ 1. ಈ 21 ಸಂಖ್ಯೆಗಳನ್ನು ಲೀನಿಯರೈಸ್ ಅನ್ನುವ ಸಾಲಿನಲ್ಲಿ ಹಾಕಿ ಮತ್ತೆ ಪ್ರಿಂಟ್ ಮಾಡಿದರೆ ಸಮನಾಗುತ್ತದೆ. ಅಳೆಯುವ ಮೀಟರ್ ದುಬಾರಿ, ನನ್ನ ಹತ್ತಿರ ಇಲ್ಲ. ಮಾಮೂಲಿ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲೇ ಮಾಡುತ್ತೇನೆ. ಅದರ ತಂತಾನೇ ಸರಿಮಾಡುವ ಆಟೋ ಸೆಟ್ಟಿಂಗ್ ಎಲ್ಲ ಆಫ್ ಮಾಡಿ, ಅಳತೆ ಗೊತ್ತಿರುವ ಒಂದು ಬೂದು ಪಟ್ಟಿಯನ್ನು ಪಕ್ಕದಲ್ಲೇ ಇಟ್ಟು ಸ್ಕ್ಯಾನ್ ಮಾಡಿದರೆ ಸಾಕಷ್ಟು ಸರಿಯಾಗಿ ಬರುತ್ತದೆ. ನನಗೆ ಮೊದಲ ಕಾಗದಕ್ಕೆ ಎಂಟು ಸುತ್ತು ಹಿಡಿಯಿತು. ಈಗ ಎರಡರಲ್ಲಿ ಮುಗಿಯುತ್ತದೆ.

ಎಂಟನೇ ಸುತ್ತಿನ ಪಟ್ಟಿ ಕೈಯಲ್ಲಿ ಹಿಡಿದು ನೋಡಿದ ದಿನ ನೆನಪಿದೆ. ಬಿಳಿಯಿಂದ ಕಪ್ಪಿನ ತನಕ ಎಲ್ಲೂ ಎಡವದೆ ಇಳಿದಿತ್ತು. ಅವತ್ತೇ ರಾತ್ರಿ ಅಪ್ಪನ ನೆಗೆಟಿವ್ ಮತ್ತೆ ಸ್ಕ್ಯಾನ್ ಮಾಡಿದೆ, 16 ಬಿಟ್, ಗ್ರೇಸ್ಕೇಲ್‌ನಲ್ಲೇ. ಪ್ರಿಂಟ್ ಹೊರಗೆ ಬರುವಾಗ ಮೊದಲು ಹಣೆ ಬಂತು, ಆಮೇಲೆ ಕನ್ನಡಕದ ಅಂಚು, ಆಮೇಲೆ ಅಂಗಿಯ ಕಾಲರು, ಅದರ ಹೊಲಿಗೆ ಕೂಡ. ಬಿಳಿ ಅಂಗಿಯಲ್ಲಿ ಎಷ್ಟು ಥರದ ಬಿಳಿ ಇರುತ್ತದೆ ಅನ್ನುವುದು ಅದನ್ನು ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಅಮ್ಮ ಅದನ್ನು ತಗೊಂಡು ಟ್ಯೂಬ್‌ಲೈಟ್ ಕೆಳಗೆ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಹಳೇ ಫೋಟೋ ಗೋಡೆಯಿಂದ ಇಳಿಸಲು ಹೇಳಿದರು.

ಕಾಗದದ ಬಗ್ಗೆ ಎರಡು ಮಾತು. ಕಾರ್ಬನ್ ಮ್ಯಾಟ್ ಇಂಕ್ ಗ್ಲಾಸಿ ಕಾಗದದ ಮೇಲೆ ನಿಲ್ಲುವುದಿಲ್ಲ, ಬೆರಳು ತಾಗಿದರೆ ಎದ್ದು ಬರುತ್ತದೆ. ಮ್ಯಾಟ್ ಕಾಗದವೇ ಬೇಕು, ಅದರಲ್ಲೂ ಇಂಕ್‌ಜೆಟ್ ಲೇಪನ ಇರುವ ಹತ್ತಿ ಕಾಗದ. ತೀರಾ ಹಾಲಿನಂಥ ಬಿಳಿ ಕಾಗದ ಕಂಡರೆ ಅನುಮಾನ ಪಡಿ. ನೋಟು ಪರೀಕ್ಷೆ ಮಾಡುವ ನೇರಳೆ ದೀಪದ ಕೆಳಗೆ ಹಿಡಿಯಿರಿ. ನೀಲಿಯಾಗಿ ಹೊಳೆದರೆ ಅದಕ್ಕೆ ಬಿಳುಪು ಹೆಚ್ಚಿಸುವ ಬ್ರೈಟನರ್ ಹಾಕಿದ್ದಾರೆ. ವರ್ಷ ಕಳೆದಂತೆ ಅದು ಹೋಗಿ ಕಾಗದ ಹಳದಿ ತಿರುಗುತ್ತದೆ. ಹತ್ತಿ ಚಿಂದಿಯಿಂದ ಕೈಕಾಗದ ಮಾಡುತ್ತಾರೆ, ಅದರ ಮೇಲೂ ಪ್ರಯತ್ನ ಮಾಡಿದೆ. ಲೇಪನ ಇಲ್ಲದ ಕಾರಣ ಇಂಕ್ ಒಳಗೆ ಇಳಿಯುತ್ತದೆ, ಕಪ್ಪು ಅಷ್ಟು ಗಾಢ ಬರುವುದಿಲ್ಲ. ನಾರಿನ ಧೂಳು ಹೆಡ್ಡಿಗೆ ಹೋಗಿ ಒಂದು ವಾರ ಪ್ರಿಂಟರ್ ನಿಂತಿತ್ತು. ಈಗ ಮೆತ್ತನೆಯ ಬ್ರಶ್ಶಿನಿಂದ ಕಾಗದ ಒರೆಸದೆ ಒಳಗೆ ಬಿಡುವುದಿಲ್ಲ. ಆದರೂ ಕೆಲವು ಚಿತ್ರಗಳಿಗೆ ಆ ಕಾಗದದ ಮೈ ಎಷ್ಟು ಒಪ್ಪುತ್ತದೆ ಅಂದರೆ, ಸ್ವಲ್ಪ ಮಂಕಾದರೂ ಚಿಂತೆ ಇಲ್ಲ ಅನ್ನಿಸುತ್ತದೆ.

ಹವೆಯ ಕತೆಯೂ ಇದೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ನಾಝಲ್ ಬೇಗ ಕಟ್ಟಿಕೊಳ್ಳುತ್ತದೆ. ಪ್ರಿಂಟರಿಗೆ ಹೊದಿಕೆ ಹಾಕಿ, ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡುತ್ತೇನೆ. ವಾರಕ್ಕೆ ಒಂದು ಸಲವಾದರೂ ಆರೂ ಇಂಕ್ ಓಡುವ ಒಂದು ಪುಟ ತೆಗೆಯುತ್ತೇನೆ, ಕೆಲಸ ಇರಲಿ ಇಲ್ಲದಿರಲಿ. ಮಳೆಗಾಲದಲ್ಲಿ ಉಲ್ಟಾ. ಕಾಗದ ತೇವ ಕುಡಿದಿರುತ್ತದೆ, ಒಣಗಲು ಎರಡು ದಿನ ಬೇಕು, ಅವಸರದಲ್ಲಿ ಅಳೆದರೆ ಸಂಖ್ಯೆ ತಪ್ಪುತ್ತದೆ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅಂತ ಕೇಳಬಹುದು. ಮನೆ ಮನೆಯಲ್ಲೂ ಮಾಡಲಿ ಅಂತ ನಾನು ಹೇಳುತ್ತಿಲ್ಲ. ನನ್ನ ಮಾತು ಸ್ಟುಡಿಯೋದವರಿಗೆ. ಇವತ್ತು ತಾಲ್ಲೂಕು ಊರಿನ ಸ್ಟುಡಿಯೋದಲ್ಲೂ ಎರಡು ಇಂಕ್‌ಜೆಟ್ ಇರುತ್ತವೆ, ಒಂದು ಪಾಸ್‌ಪೋರ್ಟ್ ಫೋಟೋ ಮತ್ತು ಐಡಿ ಕಾರ್ಡಿಗೆ, ಇನ್ನೊಂದರಲ್ಲಿ ಸಬ್ಲಿಮೇಷನ್ ಇಂಕ್ (ಕಾಯಿಸಿ ಅಚ್ಚೊತ್ತುವ ಇಂಕ್) ತುಂಬಿ ಕಾಫಿ ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ ಫೋಟೋ ಹಾಕಿಕೊಡುತ್ತಾರೆ. ಅಂದರೆ ಕಂಪನಿಯ ಇಂಕ್ ತೆಗೆದು ಬೇರೆ ಇಂಕ್ ತುಂಬುವ ಕೆಲಸ ಅವರಿಗೆ ಚೆನ್ನಾಗಿ ಗೊತ್ತು. ಮೂರನೆಯದೊಂದು ಹಳೇ ಪ್ರಿಂಟರ್ ಹುಡುಕಿ ಗ್ರೇ ತುಂಬಿ ಇಟ್ಟರೆ ಸುತ್ತಲಿನ ಹತ್ತು ಊರಿಗೆ ಆಗುತ್ತದೆ. ಪ್ರತಿ ಊರಲ್ಲೂ ಬೇಡ, ಜಿಲ್ಲೆಗೆ ಒಂದು ಸಾಕು. ಕೆಲಸ ಇಲ್ಲ ಅಂತ ಹೇಳಬೇಡಿ. ಪ್ರತಿ ಮನೆಯ ಟ್ರಂಕಿನಲ್ಲಿ ಹಳೇ ನೆಗೆಟಿವ್ ಇದೆ. ಪ್ರತಿ ಮನೆಯಲ್ಲೂ ಒಂದು ದಿನ ಹಿರಿಯರ ಫೋಟೋ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಜನ ಏನು ಕೊಟ್ಟರೂ ತಗೊಂಡು ಹೋಗುತ್ತಾರೆ, ಪ್ರಶ್ನೆ ಮಾಡುವ ಮನಸ್ಥಿತಿಯಲ್ಲಿ ಇರುವುದಿಲ್ಲ. ಅದಕ್ಕೇ ಕೊಡುವವರು ಒಳ್ಳೆಯದನ್ನೇ ಕೊಡಬೇಕು ಅನ್ನುವುದು ನನ್ನ ಹಟ.

ಕಪ್ಪು-ಬಿಳುಪು ಫೋಟೋಗ್ರಫಿಯಲ್ಲಿ ನಮ್ಮ ನಾಡು ಸಣ್ಣದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಮಾಮೂಲಿ ಜನರ ಮುಖಗಳನ್ನು ಎಷ್ಟು ಪ್ರೀತಿಯಿಂದ ತೆಗೆದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನ ಬೆಳಕನ್ನು ಕಪ್ಪು-ಬಿಳುಪಿನಲ್ಲಿ ಹಿಡಿದವರು. ಅಂಥ ಚಿತ್ರಗಳನ್ನು ಕಾಗದದ ಮೇಲೆ ಸರಿಯಾಗಿ ನೋಡಿದ ಹುಡುಗ ಹುಡುಗಿಯರು ಈಗ ಎಷ್ಟು ಜನ ಇದ್ದಾರೆ? ಮೊಬೈಲಿನಲ್ಲಿ ನೋಡಿ ಮುಂದೆ ಸರಿಸುತ್ತಾರೆ. ಕಾಲೇಜುಗಳಲ್ಲಿ ಫೋಟೋಗ್ರಫಿ ಕಲಿಸುವವರು ಒಂದು ಗ್ರೇ ಪ್ರಿಂಟರ್ ಇಟ್ಟು, 21 ಮೆಟ್ಟಿಲಿನ ಪಟ್ಟಿಯನ್ನು ಮಕ್ಕಳ ಕೈಯಿಂದಲೇ ಹೊಂದಿಸಿದರೆ, ಬೆಳಕು ಅಂದರೆ ಏನು ಅನ್ನುವುದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಯಾರಾದರೂ ಕರೆದರೆ ನನ್ನ ಪ್ರಿಂಟರ್ ಹೊತ್ತುಕೊಂಡು ಬಂದು ಕಲಿಸಲು ನಾನು ತಯಾರು. ಹಣ ಬೇಡ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಇರಲಿ, ಕೇಳಿದವರಿಗೆ ಕೊಡಿ.

ಈ ಪತ್ರದ ಜೊತೆ ಎರಡು ಪ್ರಿಂಟ್ ಇಟ್ಟಿದ್ದೇನೆ. 1974ರಲ್ಲಿ ಸುಭಾಷ್ ರಸ್ತೆಯಲ್ಲಿ ಮಳೆ ನಿಂತ ಮೇಲೆ ಅಪ್ಪ ತೆಗೆದ ಚಿತ್ರ, ಹೂ ಮಾರುವ ಅಜ್ಜಿ. ಎರಡೂ ಒಂದೇ ನೆಗೆಟಿವ್, ಒಂದೇ ಅಳತೆ. ಒಂದು ಕಲರ್ ಇಂಕ್‌ನಿಂದ ತೆಗೆದದ್ದು, ಇನ್ನೊಂದು ಗ್ರೇ ಇಂಕ್‌ನಿಂದ. ಹಿಂಭಾಗದಲ್ಲಿ ಪೆನ್ಸಿಲಿನಿಂದ 1, 2 ಅಂತ ಬರೆದಿದ್ದೇನೆ, ಯಾವುದು ಯಾವುದು ಅಂತ ಬರೆದಿಲ್ಲ. ಮೊದಲು ಕಿಟಕಿಯ ಹತ್ತಿರ ಹಿಡಿದು ನೋಡಿ, ಆಮೇಲೆ ನಿಮ್ಮ ಕಚೇರಿಯ ಟ್ಯೂಬ್‌ಲೈಟ್ ಕೆಳಗೆ. ಅಜ್ಜಿಯ ಬುಟ್ಟಿಯಲ್ಲಿ ಮಲ್ಲಿಗೆ ಇದೆ, ಅದನ್ನು ನೋಡಿ.

– ನಿಮ್ಮ ಓದುಗ,
ಧಾರವಾಡ